ಆರ್‌ಎಕ್ಸ್ 100ರ ಪೆಟ್ರೋಲ್ ಕಾಕ್: ಕಿಟ್ ಹಾಕಬೇಕಾ, ಹೊಸದು ತರಬೇಕಾ?

ಕೊಡಗಿನಲ್ಲಿ ಹಳೆ ಯಮಹಾ ಆರ್‌ಎಕ್ಸ್ 100 ಬೈಕ್ ಇಟ್ಟುಕೊಂಡವರಿಗೆ ಮಳೆಗಾಲ ಕಳೆದ ಮೇಲೆ ಕಾಕ್‌ನ, ಅಂದರೆ ಟ್ಯಾಂಕಿನ ಬುಡದ ಪೆಟ್ರೋಲ್ ನಲ್ಲಿಯ, ತಲೆನೋವು ಗೊತ್ತಿದ್ದದ್ದೇ. ಒಂದೋ ಆಫ್ ಮಾಡಿದರೂ ಸೋರುತ್ತದೆ, ಇಲ್ಲಾ ಆನ್ ಮಾಡಿದರೂ ಪೆಟ್ರೋಲ್ ಸರಿಯಾಗಿ ಬರುವುದಿಲ್ಲ. ನನ್ನ ಗಾಡಿಗೆ ನಾನು ಹಳೆ ಕಾಕ್‌ಗೆ ರಬ್ಬರ್ ಕಿಟ್ (ಒಳಗಿನ ರಬ್ಬರ್ ತುಂಡುಗಳ ಸೆಟ್) ಹಾಕಿ ನೋಡಿದ್ದೇನೆ, ಅಂಗಡಿಯ ಲೋಕಲ್ ಕಾಕ್ ಹಾಕಿ ಓಡಿಸಿದ್ದೇನೆ, ಕಂಪನಿ ಪ್ಯಾಕಿನದ್ದೂ ಹಾಕಿದ್ದೇನೆ. ಎಲ್ಲರೂ ಸಲಹೆ ಕೊಡುವ ಪೈಪಿನ ನಡುವಿನ ಫಿಲ್ಟರ್ ಕೂಡ ಬಿಟ್ಟಿಲ್ಲ. ಗಾಡಿಯ ಜೊತೆ ಬಂದ ಹಳೆ ಕಾಕ್‌ನ ಬಾಡಿ ಬಿರುಕು ಬಿಟ್ಟಿಲ್ಲ ಅಂದರೆ ಕಿಟ್ಟೇ ಮೇಲು, ಇದು ನನ್ನ ಅಭಿಪ್ರಾಯ.

ಆದರೆ ದುಡ್ಡು ಬಿಚ್ಚುವ ಮೊದಲು ತಪ್ಪು ಕಾಕ್‌ನದ್ದೇನಾ ಅಂತ ನೋಡಿ. ಗಾಡಿ ಚೆನ್ನಾಗಿ ಸ್ಟಾರ್ಟ್ ಆಗಿ, ಸ್ವಲ್ಪ ದೂರ ಹೋಗಿ, ಎಳೆಯದೆ ನಿಂತುಬಿಟ್ಟರೆ ಟ್ಯಾಂಕ್ ಮುಚ್ಚಳ ತೆಗೆದು ಮತ್ತೆ ಕಿಕ್ ಹೊಡೆಯಿರಿ. ಆಗ ಸರಿಯಾಗಿ ಓಡಿದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಅಂತ ಅರ್ಥ, ಕಾಕ್ ಮುಟ್ಟಲೇಬೇಡಿ. ತೋಟದ ದಾರಿಯ ಕೆಸರು, ಧೂಳು ಆ ಸಣ್ಣ ತೂತಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಮುಚ್ಚಳ ತೆಗೆದರೂ ಬದಲಾಗದಿದ್ದರೆ ಕಾರ್ಬೊರೇಟರ್ ಕಡೆಯ ಪೈಪ್ ಕಿತ್ತು ಬಾಟಲಿಗೆ ಬಿಟ್ಟು ಕಾಕ್ ಆನ್ ಮಾಡಿ. ಧಾರೆ ಒಂದೇ ಸಮ ಬರಬೇಕು. ರಿಸರ್ವ್‌ನಲ್ಲಿ ಬಂದು ಆನ್‌ನಲ್ಲಿ ಬರದೇ ಇದ್ದರೆ, ಟ್ಯಾಂಕಲ್ಲಿ ಪೆಟ್ರೋಲ್ ಸಾಕಷ್ಟಿದ್ದರೂ, ಆನ್‌ನಲ್ಲಿ ಪೆಟ್ರೋಲ್ ಬರುವ ಒಳಗಿನ ಉದ್ದದ ಕೊಳವೆ ಕಟ್ಟಿದೆ. ಆನ್‌ನಲ್ಲೇ ಕೊನೇ ಹನಿವರೆಗೂ ಓಡಿ ರಿಸರ್ವ್‌ಗೆ ತಿರುಗಿಸಿದಾಗ ಏನೂ ಸಿಗಲಿಲ್ಲವಾ? ಹಾಗಿದ್ದರೆ ಆ ಕೊಳವೆ ಬುಡದಲ್ಲಿ ಸೀಳಿದೆ. ಇದೆಲ್ಲ ಅಂಗಳದಲ್ಲಿ ಮಾಡಿ. ಬಚ್ಚಲ ಒಲೆ ಉರಿಯುವ ಕಡೆ ಬೇಡವೇ ಬೇಡ.

ಸೋರಿಕೆಯೂ ಒಂದೇ ಥರ ಅಲ್ಲ. ಟ್ಯಾಂಕಿಗೆ ಕೂರುವ ಜಾಗದಲ್ಲಿ ಒದ್ದೆಯಾದರೆ ಓ-ರಿಂಗ್ ಹೋಗಿದೆ. ಲಿವರ್ ಸುತ್ತ ಒದ್ದೆಯಾದರೆ ಒಳಗಿನ ರಬ್ಬರೋ, ಲಿವರನ್ನು ಅದಕ್ಕೆ ಒತ್ತಿ ಹಿಡಿಯುವ ಅಲೆ ವಾಷರೋ ಸೋತಿದೆ. ಹೊರಗೆಲ್ಲೂ ಹನಿ ಇಲ್ಲ, ಆದರೂ ಬೆಳಿಗ್ಗೆ ಪ್ಲಗ್ ಒದ್ದೆ, ಎಷ್ಟು ಕಿಕ್ ಹೊಡೆದರೂ ಬರಿ ಹೊಗೆ. ಇದೇ ಕೆಟ್ಟದ್ದು. ಆಫ್‌ನಲ್ಲೂ ಪೆಟ್ರೋಲ್ ಇಳಿದು, ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ತಡೆಯುವ ಸವೆದ ಸೂಜಿ ದಾಟಿ, ಎಂಜಿನ್ನಿನ ಬುಡದ ಕ್ರ್ಯಾಂಕ್ ಕೇಸ್ ಸೇರುತ್ತಿದೆ. ಆಗ ಕಾಕ್ ಜೊತೆಗೆ ಆ ಸೂಜಿಯನ್ನೂ ನೋಡಬೇಕು.

ಈಗ ಕಿಟ್ ವಿಷಯ. ನೂರು ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಟ್ಯಾಂಕ್ ಖಾಲಿ ಮಾಡಿ, ಕಾಕ್ ಇಳಿಸಿ, ಲಿವರ್ ಪ್ಲೇಟಿನ ಎರಡು ಸಣ್ಣ ಸ್ಕ್ರೂ ಬಿಚ್ಚಿದರೆ ಒಳಗೆ ಗುಂಡಿಯಂಥ ದಪ್ಪ ರಬ್ಬರ್ ಸಿಗುತ್ತದೆ. ನನ್ನದರಲ್ಲಿ ಆ ರಬ್ಬರ್ ಉಬ್ಬಿ ತೂತುಗಳೆಲ್ಲ ಕಿರಿದಾಗಿದ್ದವು, ಲಿವರ್ ಉಜ್ಜಿದ ಗೆರೆ ವರ್ತುಲವಾಗಿ ಅಚ್ಚೊತ್ತಿತ್ತು, ಆ ಗೆರೆಯೊಳಗೆ ತುಕ್ಕಿನ ಕೆಂಪು ಪುಡಿ ಕೂತಿತ್ತು. ಆನ್‌ನಲ್ಲಿ ಕಡಿಮೆ ಬರುವುದೂ ಆಫ್‌ನಲ್ಲಿ ಸೋರುವುದೂ ಅದೊಂದೇ ತುಂಡಿನ ಕೆಲಸ.

ರಬ್ಬರ್ ಬದಲಿಸಿದರಷ್ಟೇ ಸಾಲದು. ಅದಕ್ಕೆ ಒತ್ತಿಕೊಳ್ಳುವ ಲಿವರ್‌ನ ಮುಖವನ್ನು ಬೆರಳ ಉಗುರಿನಿಂದ ಸವರಿ ನೋಡಿ. ಗೀರು ತಾಗಿದರೆ, ಗಾಜಿನ ಮೇಲೆ 1000 ಅಥವಾ 1200 ನಂಬರಿನ ವಾಟರ್ ಪೇಪರ್ ಇಟ್ಟು, ಒದ್ದೆ ಮಾಡಿ, ಆ ಮುಖವನ್ನು ಮೆಲ್ಲಗೆ ಸುತ್ತು ಸುತ್ತು ಉಜ್ಜಬೇಕು. ಹೊಸ ರಬ್ಬರ್ ಹಾಕಿಯೂ ವಾರದಲ್ಲಿ ಮತ್ತೆ ಸೋರುತ್ತದೆ ಅಂತ ಬೇಸರಪಡುವವರು ಹೆಚ್ಚಾಗಿ ಈ ಕೆಲಸ ಬಿಟ್ಟಿರುತ್ತಾರೆ. ಸ್ಕ್ರೂಗಳನ್ನು ಎರಡೂ ಕಡೆ ಸಮನಾಗಿ ಬಿಗಿಯಿರಿ. ಲಿವರ್ ಎರಡು ಬೆರಳಲ್ಲಿ ತಿರುಗಬೇಕು, ಆದರೆ ಸಡಿಲ ಇರಬಾರದು.

ಕಿಟ್‌ಗಳಲ್ಲೂ ವ್ಯತ್ಯಾಸ ಇದೆ. 2023ರಿಂದ ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಬಂಕ್‌ಗಳಿಗೆ ಬರತೊಡಗಿತು. ಈ ಗಾಡಿ ನಮ್ಮ ದೇಶದಲ್ಲಿ ತಯಾರಾದದ್ದು 1985ರಿಂದ 1996ರವರೆಗೆ. ಆ ಕಾಲದ ರಬ್ಬರನ್ನು ಈ ಪೆಟ್ರೋಲಿಗೆ ಅಂತ ಮಾಡಿರಲಿಲ್ಲ, ಅದಕ್ಕೇ ಉಬ್ಬುತ್ತದೆ, ಒಣಗಿದರೆ ಸೀಳುತ್ತದೆ. ಇಂಥ ಪೆಟ್ರೋಲನ್ನು ತಡೆದುಕೊಳ್ಳುವ ವೈಟಾನ್ ರಬ್ಬರಿನ ತುಂಡು ಸಿಕ್ಕರೆ ಎರಡು ಪಟ್ಟು ದುಡ್ಡಾದರೂ ಅದನ್ನೇ ತನ್ನಿ. ಮಾಮೂಲಿ ಕಪ್ಪು ರಬ್ಬರಿನ ಕಿಟ್ ನನಗೆ ಒಂದು ಮಳೆಗಾಲ ದಾಟಿ ಬಾಳಲಿಲ್ಲ. ವೈಟಾನ್ ಈಗಲೂ ಗಟ್ಟಿ ಇದೆ.

ಲೋಕಲ್ ಕಾಕ್ ಹಾಕಿದ್ದು ಅವಸರಕ್ಕೆ. ಮೆಕ್ಯಾನಿಕ್ ಕೂಡ "ಸುಮ್ನೆ ಹೊಸದು ಹಾಕಿಬಿಡಿ ಅಣ್ಣ, ಹತ್ತು ನಿಮಿಷದ ಕೆಲಸ" ಅಂದರು. ಅದು ನಿಜವೇ. ಬೋಲ್ಟ್ ಅಳತೆ ಸರಿಯಾಗಿ ಕೂತಿತು, ಅವತ್ತೇ ಸೋರಿಕೆ ನಿಂತಿತು. ತೊಂದರೆ ಆಮೇಲೆ ಗೊತ್ತಾಯಿತು. ನನಗೆ ಸಿಕ್ಕಿದ್ದರಲ್ಲಿ ಒಳಗಿನ ಕೊಳವೆ ಹಳೆಯದಕ್ಕಿಂತ ಗಿಡ್ಡ. ಕೊಳವೆ ಗಿಡ್ಡ ಆದಷ್ಟೂ ರಿಸರ್ವ್‌ನಲ್ಲಿ ಉಳಿಯುವ ಪೆಟ್ರೋಲ್ ಕಡಿಮೆ. ಪೇಟೆಯಲ್ಲಿ ಓಡಿಸುವವರಿಗೆ ಇದು ದೊಡ್ಡ ವಿಷಯ ಅಲ್ಲ. ಆದರೆ ಪೆರುಂಬಾಡಿ ದಾಟಿ ಮಾಕುಟ್ಟದ ಕಾಡಿಗೆ ಇಳಿಯುವವರು ಹಳೆ ಲೆಕ್ಕ ನಂಬಿಕೊಂಡು ಹೋದರೆ ನಡುದಾರಿಯಲ್ಲೇ ಗಾಡಿ ತಳ್ಳಬೇಕು. ಹೋಗುವ ಮೊದಲು ಹಳೆ ಕಾಕ್ ಪಕ್ಕಕ್ಕಿಟ್ಟು ಎತ್ತರ ಹೋಲಿಸಿ ನೋಡಿ. ಇನ್ನೊಂದು, ಅದರ ಪ್ಲೇಟಿಗೆ ಸ್ಕ್ರೂ ಬದಲು ರಿವೆಟ್ ಹೊಡೆದಿದ್ದರು. ಬಿಚ್ಚಿ ರಬ್ಬರ್ ಬದಲಿಸುವ ಹಾಗೇ ಇಲ್ಲ, ಸೋರಿದರೆ ಎಸೆಯಬೇಕು.

ಕಂಪನಿ ಪ್ಯಾಕಿನದ್ದು ಕೂರುವುದರಲ್ಲೂ ಲಿವರ್ ತಿರುಗುವುದರಲ್ಲೂ ಎಲ್ಲಕ್ಕಿಂತ ಚೆಂದ. ಕೊಳವೆ ಎತ್ತರವೂ ಸರಿ. ಆದರೆ ಸಿಗುವುದು ಕಷ್ಟ, ಬೆಲೆ ಜಾಸ್ತಿ. ಅಂಗಡಿಯ ಕಪಾಟಿನಲ್ಲಿ ವರ್ಷಗಟ್ಟಲೆ ಕೂತ ಹಳೆ ಸ್ಟಾಕ್ ಆದರೆ ಒಳಗಿನ ರಬ್ಬರ್ ಆಗಲೇ ಕಲ್ಲಾಗಿರುತ್ತದೆ. ಆಗ ಅದಕ್ಕೂ ಕಿಟ್ ಹಾಕಲೇಬೇಕು. ಬಾಡಿ ಒಡೆದಿದ್ದರೆ ಇದನ್ನು ಹುಡುಕಿ, ಇಲ್ಲದಿದ್ದರೆ ಅಷ್ಟು ದುಡ್ಡು ಬೇಕಾಗಿಲ್ಲ.

ಪೈಪಿನ ನಡುವಿನ ಫಿಲ್ಟರ್ ಬಗ್ಗೆ ನನಗೆ ಸಮಾಧಾನ ಇಲ್ಲ. ಈ ಗಾಡಿಯಲ್ಲಿ ಪಂಪ್ ಇಲ್ಲ, ಪೆಟ್ರೋಲ್ ತನ್ನ ಭಾರಕ್ಕೇ ಇಳಿಯಬೇಕು. ಟ್ಯಾಂಕಿಗೂ ಕಾರ್ಬೊರೇಟರಿಗೂ ನಡುವೆ ಇಳಿಜಾರು ಮೊದಲೇ ಕಮ್ಮಿ. ಅಲ್ಲಿ ದಪ್ಪ ಫಿಲ್ಟರ್ ತುರುಕಿದರೆ ಪೈಪ್ ಅಡ್ಡಕ್ಕೆ ಬಾಗಿ ಗಾಳಿಗುಳ್ಳೆ ಕೂರುತ್ತದೆ. ಸಮತಟ್ಟಿನಲ್ಲಿ ಏನೂ ಗೊತ್ತಾಗುವುದಿಲ್ಲ. ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಥ್ರಾಟಲ್ ತುಂಬಾ ಹೊತ್ತು ತೆರೆದೇ ಇರುತ್ತದೆ, ಆಗ ಕಾರ್ಬೊರೇಟರಿನ ಬೌಲ್ (ಪೆಟ್ರೋಲ್ ನಿಲ್ಲುವ ಬಟ್ಟಲು) ತುಂಬುವುದಕ್ಕಿಂತ ಖಾಲಿಯಾಗುವುದು ಬೇಗ. ಟೂ ಸ್ಟ್ರೋಕ್ ಎಂಜಿನ್‌ಗೆ ಏರಿನಲ್ಲಿ ಪೆಟ್ರೋಲ್ ಕೊರತೆಯಾದರೆ ಬಿಸಿ ಏರಿ ಪಿಸ್ಟನ್ ಸಿಲಿಂಡರಿನೊಳಗೆ ಸಿಕ್ಕಿಕೊಂಡು ಸೀಜ್ ಆಗಬಹುದು. ನೂರು ರೂಪಾಯಿ ಫಿಲ್ಟರಿಗೆ ಸಿಲಿಂಡರ್ ಕೊರೆಸುವ ಬೋರ್ ಕೆಲಸ ಮೈಮೇಲೆ ಎಳೆದುಕೊಳ್ಳೋದು ಯಾಕೆ? ಹಾಕಲೇಬೇಕು ಅಂದರೆ ಪೇಪರಿನದ್ದು ಬೇಡ, ಸಣ್ಣ ಜಾಲರಿಯದ್ದು ಹಾಕಿ, ಪೈಪ್ ಎಲ್ಲೂ ಮೇಲಕ್ಕೆ ಬಾಗದ ಹಾಗೆ ನೋಡಿಕೊಳ್ಳಿ.

ಕಸ ತಡೆಯಬೇಕಾದದ್ದು ಟ್ಯಾಂಕಿನಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಟ್ಯಾಂಕ್ ಇಟ್ಟು ಗಾಡಿ ನಿಲ್ಲಿಸಿದರೆ ಒಳಗಿನ ಗಾಳಿಯ ತೇವ ಹನಿಗಟ್ಟಿ ತಗಡು ತುಕ್ಕು ಹಿಡಿಯುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಅದು ಜಾಸ್ತಿಯಾದರೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ರಿಸರ್ವ್ ತೂತು ಇರುವುದೂ ತಳದಲ್ಲೇ. ಆದ್ದರಿಂದ ಮಳೆ ಕಳೆದು ಮೊದಲ ಸಲ ಗಾಡಿ ತೆಗೆಯುವಾಗ ರಿಸರ್ವ್‌ನಲ್ಲಿ ಸ್ಟಾರ್ಟ್ ಮಾಡಬೇಡಿ. ಮೊದಲು ಪೈಪ್ ಕಿತ್ತು ರಿಸರ್ವ್‌ನಿಂದ ಅರ್ಧ ಬಾಟಲಿ ಬಿಟ್ಟು, ಬೆಳಕಿಗೆ ಹಿಡಿದು ನೋಡಿ. ಬುಡದಲ್ಲಿ ನೀರಿನ ಗೆರೆಯೋ ಕೆಂಪು ಪುಡಿಯೋ ಕಂಡರೆ ಟ್ಯಾಂಕ್ ತೊಳೆಯದೆ ಯಾವ ಕಾಕ್ ಹಾಕಿದರೂ ದಂಡ. ನಿಲ್ಲಿಸಿಡುವುದಾದರೆ ಟ್ಯಾಂಕ್ ತುಂಬಿಸಿಡಿ, ಇಲ್ಲಾ ಪೂರ್ತಿ ಖಾಲಿ ಮಾಡಿ. ಕಾಕ್ ಆಫ್ ಮಾಡಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಕಾರ್ಬೊರೇಟರ್ ಬೌಲೂ ಖಾಲಿಯಾಗುತ್ತದೆ. ಎಷ್ಟು ಹೊತ್ತಾದರೂ ನಿಲ್ಲದೇ ಓಡುತ್ತಲೇ ಇದ್ದರೆ ಆ ಕಾಕ್ ಆಫ್ ಆಗಿಲ್ಲ, ಕಿಟ್ ತರಿಸಿ.