ಕಲಬುರಗಿಯ ಬಿಸಿಲಿನಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಲಿಕ್ವಿಡ್ ಕೂಲಿಂಗ್: ಕ್ರಾಕನ್ ಜಿ12 ಬಳಸಿದ ಅನುಭವ

ನನ್ನ ಬಳಿ ಇರುವುದು 2017ರ ಮಾರ್ಚ್‌ನಲ್ಲಿ ಮಾರುಕಟ್ಟೆಗೆ ಬಂದ ಎನ್‌ವಿಡಿಯಾದ ಜಿಟಿಎಕ್ಸ್ 1080 ಟಿಐ ಗ್ರಾಫಿಕ್ಸ್ ಕಾರ್ಡ್. ಒಂದೇ ಫ್ಯಾನ್ ಗಾಳಿಯನ್ನು ಕಾರ್ಡಿನ ಉದ್ದಕ್ಕೂ ನೂಕಿ ಕ್ಯಾಬಿನೆಟ್ಟಿನ ಹಿಂಬದಿಯ ಜಾಲರಿಯಿಂದ ಹೊರಹಾಕುವ ಬ್ಲೋವರ್ ಮಾದರಿ ಅದು. ಕಟ್ಟಡಗಳ ಮೂರು ಆಯಾಮದ ಚಿತ್ರಗಳನ್ನು ಬ್ಲೆಂಡರ್ ತಂತ್ರಾಂಶದಲ್ಲಿ ತಯಾರಿಸುವುದು ನನ್ನ ಕೆಲಸವಾದ್ದರಿಂದ ಈ ಕಾರ್ಡ್ ರಾತ್ರಿಯಿಡೀ ಪೂರ್ಣ ಹೊರೆಯಲ್ಲಿ ದುಡಿಯುತ್ತದೆ. ಜನವರಿಯ ಚಳಿಯಲ್ಲಿ ನೋಡಿದರೂ ಅದರ ಉಷ್ಣಾಂಶ 84 ಡಿಗ್ರಿ. ಮೇ ತಿಂಗಳಿನಲ್ಲಿ, ರಾತ್ರಿ ಹತ್ತಾದರೂ ಕೋಣೆಯೊಳಗೆ 38 ಡಿಗ್ರಿ ಇರುವಾಗ ನೋಡಿದರೂ ಅದೇ 84 ಡಿಗ್ರಿ. ಬಹಳ ದಿನ ನಾನು ಇದನ್ನು ಒಳ್ಳೆಯ ಲಕ್ಷಣವೆಂದೇ ತಿಳಿದಿದ್ದೆ.

ಅದು ಒಳ್ಳೆಯ ಲಕ್ಷಣವಾಗಿರಲಿಲ್ಲ. ಈ ಪೀಳಿಗೆಯ ಕಾರ್ಡುಗಳಲ್ಲಿ ಉಷ್ಣಾಂಶ ಏರಿದಂತೆ ಚಿಪ್ಪಿನ ವೇಗವನ್ನು ಸುಮಾರು 13 ಮೆಗಾಹರ್ಟ್ಜ್‌ನ ಮೆಟ್ಟಿಲುಗಳಲ್ಲಿ ಇಳಿಸುತ್ತಾ ಹೋಗುವ ವ್ಯವಸ್ಥೆಯಿದೆ. 84 ಡಿಗ್ರಿ ಎನ್ನುವುದು ಕಂಪನಿಯೇ ಇಟ್ಟ ಗೆರೆ, ಅದನ್ನು ದಾಟದಿರಲು ಕಾರ್ಡ್ ತನ್ನ ವೇಗವನ್ನು ತಾನೇ ಬಲಿಕೊಡುತ್ತದೆ. ಉಷ್ಣಾಂಶದ ಪಕ್ಕದಲ್ಲಿ ವೇಗದ ಅಂಕಿಯನ್ನೂ ಬರೆದಿಟ್ಟುಕೊಳ್ಳಲು ತೊಡಗಿದ ಮೇಲೆ ಸಂಗತಿ ಸ್ಪಷ್ಟವಾಯಿತು: ಜನವರಿಯಲ್ಲಿ 1720 ಮೆಗಾಹರ್ಟ್ಜ್ ಆಸುಪಾಸು ಓಡುತ್ತಿದ್ದ ಚಿಪ್ಪು ಮೇ ತಿಂಗಳಿನಲ್ಲಿ 1620ಕ್ಕೆ ಇಳಿದಿತ್ತು. ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸುವ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ಹಚ್ಚಿದಾಗ ಎರಡು ಮೆಟ್ಟಿಲು ಮೇಲೇರಿತೇ ಹೊರತು, ಫ್ಯಾನಿನ ಕೂಗಾಟ ಕಡಿಮೆಯಾಗಲಿಲ್ಲ.

ಗ್ರಾಫಿಕ್ಸ್ ಕಾರ್ಡನ್ನು ದ್ರವದಿಂದ ತಂಪಾಗಿಸುವುದು ಹೊಸ ಸಂಗತಿಯಲ್ಲ. ಎಎಂಡಿ ಕಂಪನಿಯು 2014ರಲ್ಲಿ ತಂದ ಆರ್9 295ಎಕ್ಸ್2 ಮತ್ತು 2015ರಲ್ಲಿ ತಂದ ಫ್ಯೂರಿ ಎಕ್ಸ್ ಕಾರ್ಡುಗಳು ಕಾರ್ಖಾನೆಯಿಂದಲೇ ದ್ರವವನ್ನು ಓಡಿಸುವ ಪಂಪ್ ಮತ್ತು ದ್ರವದ ಬಿಸಿಯನ್ನು ಗಾಳಿಗೆ ಬಿಡುವ ರೇಡಿಯೇಟರ್ ಹೊತ್ತು ಬಂದಿದ್ದವು. ಈಗಾಗಲೇ ಕೈಯಲ್ಲಿರುವ ಕಾರ್ಡಿಗೆ ಅದನ್ನು ಸೇರಿಸಬೇಕೆಂದರೆ ಎರಡು ದಾರಿಗಳಿವೆ. ಮೊದಲನೆಯದು, ಕಾರ್ಡಿನ ಇಡೀ ಮುಖವನ್ನು ಮುಚ್ಚುವ, ಒಳಗೆ ದ್ರವ ಹರಿಯುವ ವಾಟರ್ ಬ್ಲಾಕ್ ಕೊಂಡು, ಪಂಪ್, ತೊಟ್ಟಿ, ಕೊಳವೆ, ರೇಡಿಯೇಟರ್‌ಗಳನ್ನು ಬಿಡಿಬಿಡಿಯಾಗಿ ತಂದು ಜೋಡಿಸುವುದು. ಇದರಲ್ಲಿ ಚಿಪ್ಪಿನ ಜೊತೆಗೆ ಮೆಮೊರಿ ಮತ್ತು ವಿದ್ಯುತ್ ಪೂರೈಸುವ ವಿಆರ್‌ಎಂ ಭಾಗವೂ ದ್ರವದಿಂದಲೇ ತಂಪಾಗುತ್ತವೆ, ಆದರೆ ಬ್ಲಾಕ್ ಆ ಒಂದು ಬೋರ್ಡಿಗೆ ಮಾತ್ರ ಹೊಂದುತ್ತದೆ, ಖರ್ಚೂ ಹೆಚ್ಚು. ಎರಡನೆಯದು, ಸಿಪಿಯುಗೆಂದು (ಅಂದರೆ ಕಂಪ್ಯೂಟರಿನ ಮುಖ್ಯ ಪ್ರೊಸೆಸರಿಗೆಂದು) ಮಾರುವ, ದ್ರವ ತುಂಬಿ ಮುಚ್ಚಿರುವ ಎಐಒ ಕೂಲರನ್ನು ಒಂದು ಬ್ರಾಕೆಟ್ಟಿನ ನೆರವಿನಿಂದ ಗ್ರಾಫಿಕ್ಸ್ ಚಿಪ್ಪಿನ ಮೇಲೆ ಕೂರಿಸುವುದು. ಎನ್‌ಝಡ್‌ಎಕ್ಸ್‌ಟಿ ಕಂಪನಿಯ ಕ್ರಾಕನ್ ಜಿ12 ಈ ಎರಡನೆಯ ದಾರಿಯ ಸಾಧನ. ಉಕ್ಕಿನ ಒಂದು ಬ್ರಾಕೆಟ್, ಅದರ ಬಾಲದಲ್ಲಿ ವಿಆರ್‌ಎಂ ಮೇಲೆ ಗಾಳಿ ಬೀಸುವ 92 ಮಿಲಿಮೀಟರಿನ ಫ್ಯಾನ್, ಹಿಂಬದಿಗೆ ಆನಿಸುವ ಪಟ್ಟಿ ಮತ್ತು ಸ್ಕ್ರೂಗಳು: ಪೆಟ್ಟಿಗೆಯಲ್ಲಿ ಬರುವುದು ಇಷ್ಟೇ. ಅಮೆರಿಕದಲ್ಲಿ ಇದರ ಬೆಲೆ 30 ಡಾಲರ್ ಆಸುಪಾಸಿತ್ತು. ಆದರೆ ಅದಕ್ಕೆ ಹೊಂದುವ ಎಐಒ, ಪೇಸ್ಟ್, ಬಿಸಿ ಹೀರಿ ಗಾಳಿಗೆ ಬಿಡುವ ಲೋಹದ ಹೀಟ್‌ಸಿಂಕ್‌ಗಳನ್ನು ಸೇರಿಸಿದಾಗ ನನ್ನ ಒಟ್ಟು ಖರ್ಚು 15,000 ರೂಪಾಯಿ ದಾಟಿತು.

ಹೊಂದಾಣಿಕೆಯ ವಿಷಯವನ್ನು ಕೊಳ್ಳುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಈ ಬ್ರಾಕೆಟ್ಟಿಗೆ ಕೂರುವುದು ದುಂಡನೆಯ, ಅಂಚಿನಲ್ಲಿ ಹಲ್ಲುಗಳಿರುವ ಅಸೆಟೆಕ್ ವಿನ್ಯಾಸದ ಪಂಪುಗಳು ಮಾತ್ರ. ಅಸೆಟೆಕ್ ಡೆನ್ಮಾರ್ಕಿನ ಕಂಪನಿ; ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುವ ಅನೇಕ ಎಐಒಗಳ ಒಳಗಿನ ಪಂಪ್ ಅದರದೇ. ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಯೊಂದರಲ್ಲಿ ನಾನು 240 ಮಿಲಿಮೀಟರ್ ರೇಡಿಯೇಟರಿನ ಕ್ರಾಕನ್ ಎಕ್ಸ್52 ಕೇಳಿದಾಗ, ಯಾವ ಪ್ರೊಸೆಸರಿಗೆ ಎಂದು ಅಂಗಡಿಯವರು ವಿಚಾರಿಸಿದರು. ಗ್ರಾಫಿಕ್ಸ್ ಕಾರ್ಡಿಗೆ ಎಂದೆ. "ಸಾರ್, ಇದು ಸಿಪಿಯುಗೆ ಹಾಕೋದು, ಆಮೇಲೆ ವಾಪಸ್ ತರಬೇಡಿ" ಎಂದು ಎಚ್ಚರಿಸಿಯೇ ಬಿಲ್ ಬರೆದರು. ಅವರ ಎಚ್ಚರಿಕೆ ಅರ್ಧ ಸರಿ: ಕಾರ್ಡಿನ ಮೂಲ ಕೂಲರ್ ಕಳಚಿದ ಮೇಲೆ ವಾರಂಟಿ ಕೇಳುವುದು ಕಷ್ಟ. ನನ್ನ ಕಾರ್ಡಿನ ವಾರಂಟಿ ಎಂದೋ ಮುಗಿದಿದ್ದರಿಂದ ನಾನು ಧೈರ್ಯ ಮಾಡಿದೆ.

ಶಹಾಬಾದ್ ಕಲ್ಲಿನ ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ ಕಾರ್ಡನ್ನು ಬಿಚ್ಚಿದೆ. ಕೂಲರ್ ತೆಗೆದಾಗ ನಡುವೆ ಕಾಣುವುದು 471 ಚದರ ಮಿಲಿಮೀಟರಿನ ಬರಿಯ ಸಿಲಿಕಾನ್ ಚಿಪ್ಪು. ಸಿಪಿಯುವಿನ ಮೇಲೆ ಇರುವಂಥ ಲೋಹದ ಮುಚ್ಚಳ ಅದರ ಮೇಲಿಲ್ಲ. ಸುತ್ತಲೂ ಮೆಮೊರಿ ಚಿಪ್ಪುಗಳಿಗೆ ಹನ್ನೆರಡು ಜಾಗಗಳಿದ್ದು, ಈ ಕಾರ್ಡ್ 11 ಜಿಬಿಯದಾದ್ದರಿಂದ ಒಂದು ಜಾಗ ಖಾಲಿ. ಈ ಹನ್ನೊಂದು ಚಿಪ್ಪುಗಳಿಗೂ ವಿಆರ್‌ಎಂ ಬಿಡಿಭಾಗಗಳಿಗೂ ಮೂಲ ಕೂಲರಿನ ಅಲ್ಯೂಮಿನಿಯಂ ತಟ್ಟೆ ತಂಪು ಕೊಡುತ್ತಿತ್ತು. ಅದನ್ನು ತೆಗೆದ ಮೇಲೆ ಅವೆಲ್ಲ ಬೋಳು. ಜಿ12 ಪೆಟ್ಟಿಗೆಯಲ್ಲಿ ಹೀಟ್‌ಸಿಂಕ್‌ಗಳಿಲ್ಲ. ಫ್ಯಾನಿನ ಗಾಳಿಯೊಂದೇ ಸಾಕೆಂಬ ಲೆಕ್ಕ ವಿನ್ಯಾಸಕಾರರದ್ದಿರಬಹುದು. ಆ ಲೆಕ್ಕವನ್ನು ನಾನು ಒಪ್ಪುವುದಿಲ್ಲ, ಕಾರಣವನ್ನು ಮುಂದೆ ಹೇಳುತ್ತೇನೆ. ಅಂಟು ಪಟ್ಟಿಯಿರುವ ಪುಟ್ಟ ಹೀಟ್‌ಸಿಂಕ್‌ಗಳನ್ನು ಬೇರೆಯಾಗಿ ತರಿಸಿದೆ. ಪಂಪಿನ ದುಂಡು ದೇಹವು ಚಿಪ್ಪಿನ ಅಂಚನ್ನು ದಾಟಿ ಚಾಚಿಕೊಳ್ಳುವುದರಿಂದ ಹತ್ತಿರದ ಮೆಮೊರಿ ಚಿಪ್ಪುಗಳ ಮೇಲೆ ಎತ್ತರದವು ಕೂರುವುದಿಲ್ಲ; ಅಲ್ಲಿಗೆ ತೀರ ಗಿಡ್ಡನೆಯವೇ ಬೇಕು.

ಮೊದಲ ಪ್ರಯತ್ನದಲ್ಲಿ ನಾನು ತಪ್ಪು ಮಾಡಿದೆ. ಒಂದು ಮೂಲೆಯ ಸ್ಕ್ರೂವನ್ನು ಪೂರ್ತಿ ಬಿಗಿಮಾಡಿ ನಂತರ ಉಳಿದವಕ್ಕೆ ಹೋದದ್ದರಿಂದ ಪಂಪಿನ ತಾಮ್ರದ ತಳ ಓರೆಯಾಗಿ ಕುಳಿತಿತ್ತು. ಕಂಪ್ಯೂಟರ್ ಚಾಲೂ ಮಾಡಿ ಹೊರೆ ಕೊಟ್ಟ ಒಂದು ನಿಮಿಷದೊಳಗೆ ಉಷ್ಣಾಂಶ 90ಕ್ಕೆ ಜಿಗಿಯಿತು. ಬಿಚ್ಚಿ ನೋಡಿದರೆ ಪೇಸ್ಟ್ ಒಂದು ಬದಿಯಲ್ಲಿ ತೆಳುವಾಗಿ ಹರಡಿ ಇನ್ನೊಂದು ಬದಿಯಲ್ಲಿ ಮುದ್ದೆಯಾಗಿಯೇ ಉಳಿದಿತ್ತು. ಬರಿಯ ಚಿಪ್ಪಿನ ಮೂಲೆ ಹೀಗೆ ಓರೆ ಒತ್ತಡಕ್ಕೆ ಸಿಕ್ಕಿ ಒಡೆದರೆ ಕಾರ್ಡಿನ ಆಸೆ ಬಿಡಬೇಕಾಗುತ್ತದೆ. ಎರಡನೆಯ ಸಲ ಎದುರುಬದುರು ಮೂಲೆಗಳನ್ನು ಅರ್ಧರ್ಧ ಸುತ್ತಿನಂತೆ ಸರದಿಯಲ್ಲಿ ಬಿಗಿಮಾಡಿದೆ, ಚಿಪ್ಪಿನ ಪೂರ್ತಿ ಮೇಲ್ಮೈ ಮುಚ್ಚುವಂತೆ ಪೇಸ್ಟನ್ನು ಮೊದಲೇ ಹರಡಿದೆ. ಅಂದಿನಿಂದ ಅದನ್ನು ಬಿಚ್ಚುವ ಅಗತ್ಯ ಬಿದ್ದಿಲ್ಲ.

ರೇಡಿಯೇಟರನ್ನು ಎಲ್ಲಿ ಕೂರಿಸಬೇಕೆಂಬುದು ಸ್ವಲ್ಪ ಯೋಚಿಸಬೇಕಾದ ಪ್ರಶ್ನೆ. ಹಳೆಯ ಬ್ಲೋವರಿಗೆ ಇದ್ದ ದೊಡ್ಡ ಗುಣವೆಂದರೆ ಅದು ತನ್ನ ಬಿಸಿಯನ್ನು ನೇರವಾಗಿ ಕ್ಯಾಬಿನೆಟ್ಟಿನ ಹೊರಗೆ ಹಾಕುತ್ತಿತ್ತು. ಈಗ ರೇಡಿಯೇಟರನ್ನು ಮುಂಭಾಗದಲ್ಲಿಟ್ಟು ಹೊರಗಿನ ಗಾಳಿ ಎಳೆದರೆ ಕಾರ್ಡಿಗೆ ಲಾಭ, ಆದರೆ ಬಿಸಿಯೆಲ್ಲ ಒಳಗೆ ಬಂದು ಪ್ರೊಸೆಸರಿಗೆ ತಗಲುತ್ತದೆ. ಮೇಲ್ಭಾಗದಲ್ಲಿಟ್ಟು ಗಾಳಿ ಹೊರಹಾಕಿದರೆ ಪ್ರೊಸೆಸರಿಗೆ ನೆಮ್ಮದಿ, ಕಾರ್ಡಿಗೆ ಒಳಗಿನ ಬೆಚ್ಚನೆಯ ಗಾಳಿಯೇ ಗತಿ. ನನ್ನ ಕೆಲಸದಲ್ಲಿ ಪ್ರೊಸೆಸರಿಗೆ ಹೆಚ್ಚು ಹೊರೆಯಿಲ್ಲದ್ದರಿಂದ ಮುಂಭಾಗವನ್ನೇ ಆರಿಸಿಕೊಂಡೆ. ಎಲ್ಲಿಟ್ಟರೂ ಪಂಪ್ ಇಡೀ ವ್ಯವಸ್ಥೆಯ ಅತಿ ಎತ್ತರದ ಜಾಗವಾಗಬಾರದು. ಒಳಗೆ ಉಳಿದಿರುವ ಗಾಳಿ ಎತ್ತರದಲ್ಲಿ ಸೇರಿಕೊಳ್ಳುತ್ತದೆ; ಅದು ರೇಡಿಯೇಟರಿನ ತಲೆಯಲ್ಲಿ ಕುಳಿತರೆ ತೊಂದರೆಯಿಲ್ಲ, ಪಂಪಿನಲ್ಲಿ ಕುಳಿತರೆ ಗೊರಗೊರ ಸದ್ದು ಹೊರಟು ಪಂಪಿನ ಆಯಸ್ಸು ತಗ್ಗುತ್ತದೆ.

ಈಗ ಫಲಿತಾಂಶ. ಜನವರಿಯಲ್ಲಿ ಕೋಣೆ 26 ಡಿಗ್ರಿ ಇದ್ದಾಗ, ಒಂದು ಗಂಟೆ ಪೂರ್ಣ ಹೊರೆಯ ನಂತರ ಚಿಪ್ಪು 49 ಡಿಗ್ರಿಯಲ್ಲಿ, 1860 ಮೆಗಾಹರ್ಟ್ಜ್‌ನಲ್ಲಿ ನಿಂತಿತು. ಮೇ ತಿಂಗಳಿನಲ್ಲಿ ಕೋಣೆ 38 ಡಿಗ್ರಿ ಇದ್ದಾಗ 61 ಡಿಗ್ರಿ, 1835 ಮೆಗಾಹರ್ಟ್ಜ್. ಎರಡೂ ಋತುಗಳಲ್ಲಿ ಕೋಣೆಗೂ ಚಿಪ್ಪಿಗೂ ಇರುವ ಅಂತರ 23 ಡಿಗ್ರಿಯೇ. ಬಿಸಿಲೂರಿನವರು ಗಮನಿಸಬೇಕಾದ ಅಂಕಿ ಈ ಅಂತರವೇ. ಲಿಕ್ವಿಡ್ ಕೂಲಿಂಗ್ ಎಂದರೆ ಫ್ರಿಜ್ ಅಲ್ಲ. 250 ವಾಟ್ ಬಿಸಿಯನ್ನು ಚಿಪ್ಪಿನಿಂದ ಎತ್ತಿ ಅಗಲವಾದ ರೇಡಿಯೇಟರಿಗೆ ಒಯ್ಯುವ ಏರ್ಪಾಡು ಮಾತ್ರ. ಕೋಣೆಯ ಉಷ್ಣಾಂಶಕ್ಕಿಂತ ಕೆಳಗೆ ಇಳಿಸುವುದು ಅದರಿಂದ ಆಗದು, ಕೋಣೆಗೆ ಸೇರುವ ಬಿಸಿಯೂ ಒಂದು ವಾಟ್ ತಗ್ಗುವುದಿಲ್ಲ. ತಣ್ಣಗಿನ ಕೋಣೆಯಲ್ಲಿ ಕುಳಿತು ಯಾರೋ ಹೇಳಿದ 45 ಡಿಗ್ರಿಯ ಮಾತನ್ನು ನಂಬಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಹಣ ಹಾಕಿದವರು ನಿರಾಶರಾಗಬೇಕಾಗುತ್ತದೆ. ಅಳೆಯುವಾಗ ಇನ್ನೊಂದು ಎಚ್ಚರವೂ ಬೇಕು: ದ್ರವ ಬಿಸಿಯೇರಲು ಸಮಯ ಹಿಡಿಯುವುದರಿಂದ ಐದು ನಿಮಿಷದ ಪರೀಕ್ಷೆಯಲ್ಲಿ ಎಲ್ಲ ಎಐಒಗಳೂ ಅದ್ಭುತವಾಗಿಯೇ ಕಾಣುತ್ತವೆ, ಅರ್ಧ ಗಂಟೆಯ ನಂತರದ ಅಂಕಿಯೇ ನಿಜ.

ಕೆಲಸದ ಲೆಕ್ಕದಲ್ಲಿ ಹೇಳುವುದಾದರೆ, ಮೇ ತಿಂಗಳಿನಲ್ಲಿ 14 ನಿಮಿಷ ಹಿಡಿಯುತ್ತಿದ್ದ ಒಂದು ಚಿತ್ರ ಈಗ ಹನ್ನೆರಡೂವರೆ ನಿಮಿಷದಲ್ಲಿ ಮುಗಿಯುತ್ತದೆ. ಚಳಿಗಾಲದಲ್ಲಿ ಉಳಿತಾಯ ಒಂದು ನಿಮಿಷಕ್ಕೂ ಕಡಿಮೆ. ಇಷ್ಟಕ್ಕೇ 15,000 ರೂಪಾಯಿ ಸುರಿಯುವುದು ಜಾಣತನವಲ್ಲವೆಂದು ನಾನೇ ಹೇಳುತ್ತೇನೆ. ನನಗೆ ನಿಜವಾದ ಲಾಭವಾದದ್ದು ಸದ್ದಿನಲ್ಲಿ. ಮೊದಲು ಬಾಗಿಲು ಮುಚ್ಚಿದರೂ ಪಕ್ಕದ ಕೋಣೆಗೆ ಕೇಳುತ್ತಿದ್ದ ಬ್ಲೋವರಿನ ಸದ್ದಿನ ಜಾಗದಲ್ಲಿ ಈಗ ಎರಡು ದೊಡ್ಡ ಫ್ಯಾನುಗಳ ತಗ್ಗು ದನಿಯಿದೆ, ಮೇಜಿಗೆ ಕಿವಿ ಹತ್ತಿರ ತಂದರೆ ಪಂಪಿನ ಸಣ್ಣ ಗುಂಯ್‌ಗುಟ್ಟುವಿಕೆಯಿದೆ. ಎನ್‌ಝಡ್‌ಎಕ್ಸ್‌ಟಿಯ ಕ್ಯಾಮ್ ತಂತ್ರಾಂಶದಲ್ಲಿ ಫ್ಯಾನುಗಳು ಸಿಪಿಯುವಿನ ಉಷ್ಣಾಂಶವನ್ನು ಅನುಸರಿಸದೆ ದ್ರವದ ಉಷ್ಣಾಂಶವನ್ನು ಅನುಸರಿಸುವಂತೆ ಮಾಡಿದರೆ ವೇಗ ಏರಿಳಿಯುವ ಕಿರಿಕಿರಿಯೂ ಇರುವುದಿಲ್ಲ. ಬ್ರಾಕೆಟ್ಟಿನ ಪುಟ್ಟ ಫ್ಯಾನ್ ಮಾತ್ರ ಮದರ್‌ಬೋರ್ಡಿನ ಪಿನ್ನಿಗೆ ಹೋಗುವುದರಿಂದ ಅದನ್ನು ಸ್ಥಿರ ವೇಗದಲ್ಲಿ ಓಡಿಸುತ್ತಿದ್ದೇನೆ.

ವಿಆರ್‌ಎಂ ವಿಷಯಕ್ಕೆ ಬರುತ್ತೇನೆ. ನನ್ನ ಕಾರ್ಡಿನಲ್ಲಿ ಆ ಭಾಗದ ಉಷ್ಣಾಂಶವನ್ನು ತೋರಿಸುವ ಸಂವೇದಕವಿಲ್ಲ. ಪರದೆಯ ಮೇಲೆ ಕಾಣುವ ಸುಖಕರ 49 ಡಿಗ್ರಿ ಚಿಪ್ಪಿನದು ಮಾತ್ರ. ಕೊರೊನಾ ಕಾಲದಲ್ಲಿ ಕೊಂಡ ಹಣೆಗೆ ಹಿಡಿಯುವ ಥರ್ಮಾಮೀಟರ್ ಮನೆಯಲ್ಲಿತ್ತು, ಆದರೆ ಮನುಷ್ಯನ ಜ್ವರಕ್ಕಿಂತ ಮೇಲಿನದನ್ನು ಅದು ಓದುವುದೇ ಇಲ್ಲ. ಮೋಟಾರ್ ರಿಪೇರಿ ಮಾಡುವ ಗೆಳೆಯರೊಬ್ಬರಿಂದ ಅವರ ವೃತ್ತಿಯ ಇನ್‌ಫ್ರಾರೆಡ್ ಥರ್ಮಾಮೀಟರ್ ಎರವಲು ತಂದು ಬೋರ್ಡಿನ ಹಿಂಬದಿಯಿಂದ ಅಳೆದೆ. ಹೀಟ್‌ಸಿಂಕ್ ಅಂಟಿಸುವ ಮುನ್ನ, ಬರಿಯ ಗಾಳಿಯಲ್ಲಿ, ಬೇಸಿಗೆಯ ಒಂದು ರಾತ್ರಿ 96 ಡಿಗ್ರಿ. ಅಂಟಿಸಿದ ಮೇಲೆ 78. ಚಿಪ್ಪು ಎಷ್ಟೇ ತಂಪಾಗಿದ್ದರೂ ಅದಕ್ಕೆ ವಿದ್ಯುತ್ ಉಣಿಸುವ ಭಾಗ ಬೆಂದರೆ ಕಾರ್ಡ್ ಉಳಿಯುವುದಿಲ್ಲ. ಈ ಒಂದು ಕೊರತೆಗಾಗಿ ನಾನು ಜಿ12ಕ್ಕೆ ಪೂರ್ಣ ಅಂಕ ಕೊಡಲಾರೆ. ಹೀಟ್‌ಸಿಂಕ್ ಅಂಟಿಸುವುದರಲ್ಲಿಯೂ ಅಪಾಯವಿದೆ: ಸಾಮಾನ್ಯ ಕ್ಯಾಬಿನೆಟ್ಟಿನಲ್ಲಿ ಕಾರ್ಡಿನ ಮುಖ ನೆಲದ ಕಡೆಗಿರುತ್ತದೆ, ಅಂದರೆ ಎಲ್ಲ ಹೀಟ್‌ಸಿಂಕ್‌ಗಳೂ ಅಂಟಿನ ಬಲದಿಂದಲೇ ತಲೆಕೆಳಗಾಗಿ ಜೋತಾಡುತ್ತಿರುತ್ತವೆ. ಏಪ್ರಿಲ್‌ನಲ್ಲಿ ಒಂದು ಕಳಚಿ, ಕಂಪ್ಯೂಟರಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಮೇಲಿನ ಹೊದಿಕೆಗೆ ಟಣ್ಣನೆ ಬಿತ್ತು. ಕೆಳಗಿನ ಸ್ಲಾಟಿನಲ್ಲಿ ಇನ್ನೊಂದು ಕಾರ್ಡಿದ್ದರೆ ಆ ಲೋಹದ ತುಂಡು ಏನು ಮಾಡುತ್ತಿತ್ತೋ. ಚಿಪ್ಪುಗಳ ಮೇಲ್ಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಚೆನ್ನಾಗಿ ಒರೆಸಿ, ಅಂಟಿಸಿದ ಮೇಲೆ ಒಂದು ರಾತ್ರಿ ಹಾಗೆಯೇ ಬಿಟ್ಟು, ಅನಂತರವೇ ಕಾರ್ಡನ್ನು ಕ್ಯಾಬಿನೆಟ್ಟಿನಲ್ಲಿ ಕೂರಿಸುವುದು ಒಳ್ಳೆಯದು.

ಜಾಗದ ಲೆಕ್ಕವನ್ನೂ ಹಾಕಬೇಕು. ಎರಡು ಸ್ಲಾಟಿನಲ್ಲಿ ಕೂರುತ್ತಿದ್ದ ಕಾರ್ಡ್ ಪಂಪಿನ ಎತ್ತರದಿಂದಾಗಿ ಮೂರನೆಯದನ್ನೂ ನುಂಗುತ್ತದೆ. ಹೊಸ ಕಾರ್ಡುಗಳವರು ಸ್ಕ್ರೂ ತೂತುಗಳ ನಡುವಿನ ಅಂತರವನ್ನು ಅಳೆಯದೆ ಈ ಬ್ರಾಕೆಟ್ ತರಿಸಬಾರದು. ಇದಕ್ಕೂ ಮೊದಲು ಮಾಡಬಹುದಾದ, ಒಂದು ಪೈಸೆಯೂ ಬೇಡದ ಕೆಲಸವೊಂದಿದೆ: ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಚಿಪ್ಪಿಗೆ ಹೋಗುವ ವೋಲ್ಟೇಜನ್ನು ತುಸು ತಗ್ಗಿಸುವುದು. ಬಿಸಿಯೂ ಸದ್ದೂ ಅದರಿಂದಲೇ ಗಣನೀಯವಾಗಿ ಇಳಿಯುತ್ತವೆ. ಮೂರು ಫ್ಯಾನಿನ ಒಳ್ಳೆಯ ಕೂಲರಿರುವ ಕಾರ್ಡಿನವರಿಗೆ ಅಷ್ಟೇ ಸಾಕು, ಈ ಸಾಹಸ ಬೇಡ. ನನ್ನಂತೆ ಬ್ಲೋವರ್ ಕಾರ್ಡ್ ಇಟ್ಟುಕೊಂಡು, ಮಲಗುವ ಕೋಣೆಯ ಪಕ್ಕದಲ್ಲಿ ರಾತ್ರಿಯಿಡೀ ಅದನ್ನು ದುಡಿಸುವವರಿಗೆ, ವಾರಂಟಿಯ ಹಂಗು ಮುಗಿದಿದ್ದರೆ, ಹೀಟ್‌ಸಿಂಕ್‌ಗಳ ಖರ್ಚನ್ನೂ ಸೇರಿಸಿ ಲೆಕ್ಕಹಾಕಿ ಕೊಳ್ಳಿ ಎಂದು ಹೇಳಬಲ್ಲೆ.

ನಮ್ಮ ಓಣಿಯ ಧೂಳಿಗೆ ರೇಡಿಯೇಟರಿನ ರೆಕ್ಕೆಗಳ ಸಂದು ಎರಡೇ ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ. ಆಗ ಕೋಣೆಗೂ ಚಿಪ್ಪಿಗೂ ಇರುವ ಅಂತರ 23ರಿಂದ 27ಕ್ಕೆ ಏರುತ್ತದೆ, ಬ್ರಶ್ಶಿನಿಂದ ಸ್ವಚ್ಛಮಾಡಿದರೆ ಮತ್ತೆ ಇಳಿಯುತ್ತದೆ. ಮೂಲ ಕೂಲರನ್ನು, ಅದರ ಸ್ಕ್ರೂಗಳನ್ನೆಲ್ಲ ಎಣಿಸಿ ಪುಟ್ಟ ಚೀಲದಲ್ಲಿ ಹಾಕಿ, ಎಐಒ ಬಂದ ಪೆಟ್ಟಿಗೆಯಲ್ಲಿಯೇ ಅಟ್ಟದ ಮೇಲೆ ಇಟ್ಟಿದ್ದೇನೆ. ಮುಚ್ಚಿದ ಎಐಒಗೆ ಮತ್ತೆ ದ್ರವ ತುಂಬುವ ಅವಕಾಶವಿಲ್ಲದ್ದರಿಂದ, ಪಂಪ್ ನಿಂತ ದಿನ ಮರುದಿನದ ಕೆಲಸ ನಡೆಯಬೇಕಾದರೆ ಆ ಹಳೆಯ ಬ್ಲೋವರೇ ಬೇಕಾಗುತ್ತದೆ.