ಟೆಂಪ್ಲೇಟ್ ಬದಲಾಯಿಸೋಕೆ ಕೊಟ್ಟು 30 ಸಾವಿರ ಕಳೆದುಕೊಂಡೆ, ನೀವು ಹುಷಾರಾಗಿರಿ

ಬರೆಯೋದು ಬೇಡ ಅಂತಲೇ ಇದ್ದೆ. ನಾಚಿಕೆ ಆಗುತ್ತೆ. ಆದರೆ ನನ್ನ ಕೆಲಸ ಕೆಡಿಸಿದ ಹುಡುಗ ಈಗ ಹಾಸನದಲ್ಲಿ ಇನ್ನೊಬ್ಬರ ಕೆಲಸ ಹಿಡಿದಿದ್ದಾನೆ ಅಂತ ನಿನ್ನೆ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕಮಗಳೂರು ಸುತ್ತಮುತ್ತಲ ಹೋಂಸ್ಟೇಗಳಿಗೆ ಬುಕಿಂಗ್ ಮತ್ತು ಬಿಲ್ ಮಾಡುವ ಒಂದು ಆ್ಯಪ್ ನಡೆಸುತ್ತೇನೆ. ವೆಬ್ ಆ್ಯಪ್ ಕಟ್ಟೋಕೆ ಬಳಸುವ ಜ್ಯಾಂಗೊದಲ್ಲಿ ಬರೆದದ್ದು, 64 ಟೆಂಪ್ಲೇಟ್ ಫೈಲ್ (ಪೇಜ್ ಹೇಗೆ ಕಾಣಬೇಕು ಅಂತ ಬರೆದಿಡುವ ಫೈಲ್). ಜ್ಯಾಂಗೊ ಟೆಂಪ್ಲೇಟ್ ಒಳಗೆ ಫಂಕ್ಷನ್‌ಗೆ ಆರ್ಗ್ಯುಮೆಂಟ್ (ಅದಕ್ಕೆ ಬೇಕಾದ ಮಾಹಿತಿ) ಕೊಟ್ಟು ಕರೆಯೋಕೆ ಆಗಲ್ಲ, ಒಂದೇ ತುಂಡನ್ನು ಹತ್ತು ಕಡೆ ಬರೆದು ಸಾಕಾಗಿತ್ತು. ಅದು ಆಗುವ ಇನ್ನೊಂದು ಟೆಂಪ್ಲೇಟ್ ಎಂಜಿನ್ (ಟೆಂಪ್ಲೇಟ್ ಓದಿ ಪೇಜ್ ಮಾಡುವ ವ್ಯವಸ್ಥೆ) ಜಿಂಜಾಗೆ ಹೋಗೋಣ ಅಂದುಕೊಂಡೆ. ನನಗೆ ಟೈಮ್ ಇರಲಿಲ್ಲ. ಪರಿಚಯದವರೊಬ್ಬರು ಈ ಹುಡುಗನ ನಂಬರ್ ಕೊಟ್ಟರು.

"ಅಣ್ಣ, ಎರಡೂ ಒಂದೇ ತರ ಇರ್ತವೆ. ಬರೀ ಬ್ರ್ಯಾಕೆಟ್ ಕೆಲಸ. ಒಂದು ವಾರ ಸಾಕು" ಅಂದ. ನೋಡೋಕೆ ಎರಡೂ ಒಂದೇ ತರ ಇರೋದು ನಿಜ. ಮೋಸ ಅಲ್ಲೇ ಇರೋದು. 30 ಸಾವಿರಕ್ಕೆ ಮಾತಾಯಿತು. 15 ಮುಂಗಡ ಕೊಟ್ಟೆ.

ವಾರ ಮೂರು ವಾರ ಆಯಿತು. ಕೊನೆಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬೇಲೂರು ಮೇಲಿನ ಬಸ್ಸಲ್ಲಿ ಅವನೇ ಬಂದ. ಪೇಜ್‌ಗಳನ್ನೆಲ್ಲ ತೋರಿಸಿದ, ಚೆನ್ನಾಗೇ ಕಂಡವು. ಬಿಲ್ ತೋರಿಸಪ್ಪ ಅಂದೆ. ನಾನೇ ಕೊಟ್ಟಿದ್ದ ಟೆಸ್ಟ್ ಬುಕಿಂಗ್ ತೆಗೆದ. ಮೂರು ಜನ, ಒಂದು ರಾತ್ರಿ, ತಲೆಗೆ 1,500. ಒಟ್ಟು 4,500 ಅಂತ ಬಂತು. ಲೆಕ್ಕ ಸರಿ. ಇನ್ನೊಂದು ಬುಕಿಂಗ್ ತೆಗೆದು ನೋಡಲಿಲ್ಲ. ಅಲ್ಲೇ ಕೂತು ಉಳಿದ 15 ಸಾವಿರ ಫೋನಲ್ಲಿ ಕಳಿಸಿದೆ. ಟೀ ಕುಡಿಸಿ ಕಳಿಸಿದೆ. ರಾತ್ರಿ ಲೈವ್ ಮಾಡಿದೆ.

ಭಾನುವಾರ ಸಂಜೆ ಮೂಡಿಗೆರೆ ಕಡೆಯ ಅಕ್ಕ ಒಬ್ಬರ ಫೋನ್. "ಏನಪ್ಪಾ ಇದು, ಎಂಟು ಜನ ಎರಡು ರಾತ್ರಿ ಇದ್ದೋರಿಗೆ 4,500 ಬಿಲ್ ಬಂದಿದೆ!" 24,000 ಬರಬೇಕಿತ್ತು. ಅಕ್ಕ ತೋಟದಲ್ಲಿದ್ದರು, ಮನೆಯಲ್ಲಿದ್ದ ಕೆಲಸದ ಹುಡುಗ ಫೋನಲ್ಲಿ ಬಂದ ಬಿಲ್ ನೋಡಿ ದುಡ್ಡು ಇಸ್ಕೊಂಡಿದ್ದಾನೆ. ಗೆಸ್ಟ್‌ಗಳು ಅಷ್ಟರಲ್ಲಿ ಚಾರ್ಮಾಡಿ ಇಳಿದಾಗಿತ್ತು. ಫೋನ್ ಮಾಡಿದರೆ "ಬಿಲ್ ಪ್ರಕಾರ ಕೊಟ್ಟಿದ್ದೀವಲ್ಲ" ಅಂದರಂತೆ.

ಫೈಲ್ ತೆಗೆದು ನೋಡಿದೆ. ಒಟ್ಟು ಬರಬೇಕಾದ ಜಾಗದಲ್ಲಿ 4,500 ಅಂತ ಅಂಕಿಯನ್ನೇ ಟೈಪ್ ಮಾಡಿದ್ದ. ಕೋಡ್ ಇಲ್ಲ, ಏನೂ ಇಲ್ಲ. ಬರೀ ಅಂಕಿ. ಯಾರ ಬಿಲ್ ತೆಗೆದರೂ 4,500. ನನ್ನ ಎದುರಿಗೇ ಕೂತು ಅದನ್ನೇ ತೋರಿಸಿ ದುಡ್ಡು ತಗೊಂಡು ಹೋಗಿದ್ದ. ಕೈ ನಡುಗಿತು.

ಯಾಕೆ ಹೀಗೆ ಮಾಡಿದ ಅಂತ ನೋಡುತ್ತಾ ಹೋದಾಗ ಗೊತ್ತಾಯಿತು. ಜ್ಯಾಂಗೊ ಟೆಂಪ್ಲೇಟ್‌ನಲ್ಲಿ ಮೆಥಡ್ (ಒಟ್ಟು ಲೆಕ್ಕ ಹಾಕುವಂಥ ಫಂಕ್ಷನ್) ಹೆಸರು ಬರೆದರೆ ಸಾಕು, ಅದೇ ಕರೆದುಕೊಳ್ಳುತ್ತೆ. ಜಿಂಜಾದಲ್ಲಿ ಹೆಸರಿನ ಕೊನೆಗೆ ಬ್ರ್ಯಾಕೆಟ್ ಹಾಕಿ ಕರೆಯಬೇಕು. ಇಲ್ಲದಿದ್ದರೆ ಮೊತ್ತದ ಬದಲು 'ಬೌಂಡ್ ಮೆಥಡ್' ಅಂತ ಏನೋ ಬರುತ್ತೆ. ಬ್ರ್ಯಾಕೆಟ್ ಕೆಲಸ ಅಂದವನಿಗೆ ಆ ಬ್ರ್ಯಾಕೆಟ್ಟೇ ಗೊತ್ತಿರಲಿಲ್ಲ.

ಇನ್ನೂ ಇದೆ. ತಾರೀಖನ್ನು ಬೇಕಾದ ರೂಪದಲ್ಲಿ ತೋರಿಸುವ ಫಿಲ್ಟರ್ ಬರೆಯುವ ರೀತಿ ಜಿಂಜಾದಲ್ಲಿ ಬೇರೆ, ಎರರ್ ಬಂದ ಸಾಲುಗಳನ್ನು ಸುಮ್ನೆ ಅಳಿಸಿದ್ದ. ಫಾರ್ಮ್ ನಮ್ಮ ಪೇಜಿಂದಲೇ ಬಂತಾ ಅಂತ ನೋಡುವ ಕಾವಲಿಗೆ ಬೇಕಾದ ಸಿಎಸ್‌ಆರ್‌ಎಫ್ ಟೋಕನ್ ಟ್ಯಾಗ್ ಅಲ್ಲಿ ನಡೆಯಲ್ಲ, ಅದರ ಬದಲು ಸಿಎಸ್‌ಆರ್‌ಎಫ್ ಇನ್‌ಪುಟ್ ಹಾಕಬೇಕು. ಇವನು ಟ್ಯಾಗ್ ಕಿತ್ತುಹಾಕಿ, ಫಾರ್ಮ್ ನಡೆಯಲಿ ಅಂತ ವ್ಯೂಗಳಲ್ಲಿ (ಪೇಜ್ ಕೇಳಿದಾಗ ಓಡುವ ಕೋಡ್) ಆ ಕಾವಲನ್ನೇ ತೆಗೆದುಬಿಟ್ಟಿದ್ದ! ಗೆಸ್ಟ್ ಹೆಸರಿಗೂ, ಇದನ್ನು ನಂಬಿ ಹಾಗೇ ಪೇಜ್‌ಗೆ ಹಾಕು ಅನ್ನುವ ಸೇಫ್ ಫಿಲ್ಟರ್ ಹಾಕಿದ್ದ. ಯಾರಾದರೂ ಹೆಸರಿನ ಜಾಗದಲ್ಲಿ ಸ್ಕ್ರಿಪ್ಟ್ ತುಂಬಿದ್ದರೆ ಅದು ಹಾಗೇ ಓಡುತ್ತಿತ್ತು. ಜನರ ಫೋನ್ ನಂಬರ್ ಇರುವ ಆ್ಯಪ್ ಇದು.

ಅವನ ಉತ್ತರ ಕೇಳಿ. ಮೊದಲು "ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ ನೋಡಿ ಅಣ್ಣ." ಆಮೇಲೆ "ನನ್ನ ಕಡೆ ಸರಿಯಾಗೇ ಬರ್ತಿದೆ." 4,500 ಬರೆದ ಸಾಲಿನ ಫೋಟೋ ಕಳಿಸಿದೆ. ಆಗ ಅಣ್ಣ ಹೋಗಿ ಸರ್ ಆಯಿತು. "ಅದು ಟೆಸ್ಟಿಂಗ್‌ಗೆ ಹಾಕಿದ್ದು ಸರ್, ತೆಗೆಯೋದು ಮರೆತೆ." ದುಡ್ಡು ವಾಪಸ್ ಕೊಡು ಅಂದೆ. "ಲೈವ್ ಮಾಡೋ ಮುಂಚೆ ಚೆಕ್ ಮಾಡೋದು ನಿಮ್ಮ ಜವಾಬ್ದಾರಿ ಸರ್." ಇದನ್ನು ಓದಿ ಎಷ್ಟು ಉರಿಯಿತು ಅಂತ ಹೇಳೋಕಾಗಲ್ಲ. ಕೊನೆಯದು: "ಬಾಕಿ ಸರಿ ಮಾಡೋಕೆ ಇನ್ನೂ 12 ಸಾವಿರ ಆಗುತ್ತೆ." ಮರೆತನಂತೆ! ಮರೆತವನು ಸರಿಯಾಗಿ ಅದೇ ಬುಕಿಂಗ್ ತೆಗೆದು ತೋರಿಸಿದ್ದು ಹೇಗೆ?

ಕೆಲಸ ಕೊಡುವವರು ನಿಮ್ಮ ಹಳೇ ಬುಕಿಂಗ್, ಹಳೇ ಬಿಲ್ ಹತ್ತಾದರೂ ನೀವೇ ತೆಗೆದು ಹೊಸದರ ಜೊತೆ ಪಕ್ಕಪಕ್ಕ ಇಟ್ಟು ನೋಡಿ. ಅವನ ಕೈಗೆ ಮೌಸ್ ಕೊಡಬೇಡಿ. 64 ಫೈಲನ್ನೂ ಒಟ್ಟಿಗೆ ಬದಲಾಯಿಸುವ ಅಗತ್ಯವೂ ಇಲ್ಲ. 2015ರಲ್ಲಿ ಬಂದ 1.8 ಆವೃತ್ತಿಯಿಂದಲೂ ಜ್ಯಾಂಗೊದಲ್ಲಿ ಎರಡು ಎಂಜಿನ್ ಒಟ್ಟಿಗೆ ಇಟ್ಟುಕೊಳ್ಳಬಹುದು. ಒಂದೊಂದೇ ಪೇಜ್ ಬದಲಾಯಿಸಿ, ನೋಡಿ, ಆಮೇಲೆ ದುಡ್ಡು ಕೊಡಿ. "ಬರೀ ಬ್ರ್ಯಾಕೆಟ್ ಕೆಲಸ" ಅಂದವನಿಗೆ ಮಾತ್ರ ಕೊಡಲೇಬೇಡಿ.

ಅಕ್ಕನಿಗೆ ಕಮ್ಮಿ ಬಿದ್ದ 19,500 ನಾನೇ ಕಳಿಸಿದೆ. ಅವರು ಬೇಡ ಅಂದರು, ನನಗೆ ಮನಸ್ಸು ಒಪ್ಪಲಿಲ್ಲ. ಹಳೇ ಟೆಂಪ್ಲೇಟ್‌ಗಳನ್ನು ವಾಪಸ್ ಹಾಕಿದ್ದೇನೆ. ರಾತ್ರಿ ಕೂತು ನಾನೇ ಬದಲಾಯಿಸುತ್ತಿದ್ದೇನೆ, ಇವತ್ತಿಗೆ 11 ಫೈಲ್ ಆಗಿದೆ.