ಸ್ಪಿನ್ನರ್‌ಬೇಟ್‌ಗೆ ಬಾಲ ಬೇಕೋ, ಬೇಡವೋ?

ಸ್ಪಿನ್ನರ್‌ಬೇಟ್ ಅಂದರೆ ಮೀನು ಹಿಡಿಯಲು ಗಾಳದ ದಾರಕ್ಕೆ ಕಟ್ಟುವ ಕೃತಕ ಆಮಿಷ. ಅದು ಹೆಸರು ಮಾಡಿದ್ದು ಅಮೆರಿಕದ ಬಾಸ್ ಮೀನಿನಿಂದ. ನಮ್ಮ ಹಾವೇರಿ ಕಡೆ, ವರದಾ ದಂಡೆಯಲ್ಲಿ ನಾನು ಎಸೆಯುವುದು ಕೊರವ ಮೀನಿಗೆ. ಬಾಗಿದ ತಂತಿಯ ಒಂದು ತುದಿಗೆ ಗರಗರ ತಿರುಗುವ ತಗಡು, ಇನ್ನೊಂದಕ್ಕೆ ಸೀಸದ ತಲೆ, ಕೊಕ್ಕೆ, ರಬ್ಬರ್ ಎಳೆಗಳ ಲಂಗ. ಆ ಕೊಕ್ಕೆಗೆ ಮೆತ್ತನೆಯ ಪ್ಲಾಸ್ಟಿಕ್ ಬಾಲ, ಅಂದರೆ ಟ್ರೇಲರ್, ಸಿಕ್ಕಿಸಬೇಕೋ ಬೇಡವೋ?

ಮಳೆಗಾಲದ ರಾಡಿ ನೀರಿಗೆ ನನ್ನ ಓಟು ಬಾಲಕ್ಕೇ. ಮೈ ದಪ್ಪ ಕಾಣುತ್ತದೆ, ಬೇಗ ಮುಳುಗುವುದಿಲ್ಲ, ರೀಲ್ ನಿಧಾನಕ್ಕೆ ಸುತ್ತಿದರೂ ತಳ ಹಿಡಿಯದೆ ಬರುತ್ತದೆ. ಜೊತೆಗೆ ದುಂಡನೆಯ ಕೊಲೊರಾಡೊ ತಗಡಿದ್ದರಂತೂ ಅದರ ನಡುಕ ರಾಡ್ ಹಿಡಿದ ಬೆರಳಿಗೇ ಗೊತ್ತಾಗುತ್ತದೆ. ಕಣ್ಣು ನಡೆಯದ ನೀರಿನಲ್ಲಿ ಮೀನು ಬೆನ್ನು ಹತ್ತುವುದೂ ಆ ನಡುಕವನ್ನೇ.

ತೊಂದರೆಯೂ ಬಾಲದ್ದೇ. ಹೋದ ಸಲ ಮೂರು ಬಾರಿ ಜಗ್ಗಿತು, ಮೀನು ಮಾತ್ರ ಇಲ್ಲ. ಎತ್ತಿ ನೋಡಿದರೆ ಬಾಲ ಅರ್ಧಕ್ಕೇ ತುಂಡು. ಎಮ್ಮೆ ಮೈ ತೊಳೆಯುತ್ತಿದ್ದ ಹುಡುಗ ನಕ್ಕ: “ಬಾಲ ಅಷ್ಟ ತಿಂದು ಹೊಂಟೈತ್ರಿ ಕಾಕಾ, ಕಿತ್ತ ಒಗೀರಿ.” ಕಿತ್ತೆ. ಈಗ ಹಾಕಿದರೂ ಗಿಡ್ಡದ್ದೇ, ಲಂಗದಿಂದ ಬೆರಳಗಲ ಹೊರಗೆ ಬಂದರೆ ಸಾಕು.

ತಿಳಿನೀರಿಗೆ ಬರೀ ಲಂಗ, ಎಲೆಯಾಕಾರದ ವಿಲ್ಲೋ ತಗಡು, ಜೋರು ಸುತ್ತು.

ಹೊಸಬರಾದರೆ 10 ಗ್ರಾಂ ತೂಕದ್ದೊಂದು ತಗೊಳ್ಳಿ, ಬಾಲ ಜೇಬಿನಲ್ಲಿರಲಿ. ಕೆರೆಗೆ ಹೋಗುವುದಿದ್ದರೆ ಮೀನಿನ ಟೆಂಡರ್ ಹಿಡಿದವರನ್ನು ಮೊದಲು ಕೇಳಿ, ಆಮೇಲೆ ಗಾಳ ಬಿಚ್ಚಿ.